ಹೊಳೆಗೆ ಹೋಗದ ಸೀತೆ

ಹೊಳೆಯ ದಂಡೆಯಲ್ಲಿ ಹುಲಗಪ್ಪ ಎಂಬ ತೊಗಲುಗೊಂಬೆಯಾಟದ ಗುರುವಿದ್ದ. ಒಂದು ಗುಡಿಸಲು, ಒಂದು ಗೊಂಬೆಯ ಪೆಟ್ಟಿಗೆ, ಒಂದು ಹರಳೆಣ್ಣೆಯ ದೀಪ. ಆಶ್ರಮ ಎನ್ನುವುದಾದರೆ ಇದೇ ಅವನ ಆಶ್ರಮ.

ಶಿಷ್ಯರು ಬರುತ್ತಿದ್ದರು, ಬಂದಷ್ಟೇ ಬೇಗ ಓಡಿಹೋಗುತ್ತಿದ್ದರು. ಗುರುವಿನ ನಾಲಿಗೆ ಹಾಗಿತ್ತು. ಅದನ್ನು ತಾಳಿಕೊಂಡು ಉಳಿದವನು ಯಂಕೋಬ ಒಬ್ಬನೇ. ಮೀಸೆ ಮೂಡುವ ಮೊದಲು ಬಂದವನಿಗೆ ಈಗ ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು.

ರಾಮನನ್ನು ಕುಣಿಸುವುದು ಅವನಿಗೆ ಬರುತ್ತಿತ್ತು. ರಾವಣನನ್ನು ಕುಣಿಸುವುದು ಇನ್ನೂ ಚೆನ್ನಾಗಿ ಬರುತ್ತಿತ್ತು. ಸೀತೆಯನ್ನು ಮಾತ್ರ ಗುರು ಮುಟ್ಟಗೊಡುತ್ತಿರಲಿಲ್ಲ. ಆ ಆಟದವರಲ್ಲಿ ಸೀತೆಯನ್ನು ಕೊರೆದು ಕಣ್ಣು ತೆರೆಸಿದವನೇ ಮೇಳದ ಯಜಮಾನ.

"ನನಗ ಯಾವಾಗ ತಾತ?" ಎಂದು ಯಂಕೋಬ ಕೇಳುತ್ತಿದ್ದ.

"ನನ್ನಾಕಿ ಹೊಳಿಗೆ ಹೋದ ಮ್ಯಾಲ" ಎಂದು ಗುರು ಹೇಳುತ್ತಿದ್ದ.

ಅವರಲ್ಲಿ ಒಂದು ಪದ್ಧತಿಯಿತ್ತು. ಆಡಿ ಆಡಿ ಸವೆದ ಗೊಂಬೆಯನ್ನು ಎಸೆಯುವುದಿಲ್ಲ, ಇಟ್ಟುಕೊಳ್ಳುವುದೂ ಇಲ್ಲ. ಅರಿಸಿನ ಕುಂಕುಮ ಹಚ್ಚಿ, ಮನೆಮಗಳು ಸತ್ತಂತೆ ಅತ್ತು, ಹೊಳೆಗೆ ಬಿಡುತ್ತಾರೆ. ಬಿಟ್ಟವನು ದಂಡೆಗುಂಟ ಅದರ ಜೊತೆಗೇ ನಡೆಯಬೇಕು, ಅದು ನೀರು ಕುಡಿದು ಮುಳುಗುವವರೆಗೆ. ಹಳೆಯ ಸೀತೆ ಮುಳುಗಿದ ಮೇಲೆಯೇ ಹೊಸ ಸೀತೆಗೆ ಕಣ್ಣು. ಒಂದು ಮೇಳಕ್ಕೆ ಒಬ್ಬಳೇ ಸೀತೆ.

ಹುಲಗಪ್ಪನ ಸೀತೆ ಜಿಂಕೆಯ ತೊಗಲಿನವಳು. ತನ್ನ ಗುರುವಿನ ಸೀತೆಯನ್ನು ಹೊಳೆಗೆ ಬಿಟ್ಟು ಬಂದು, ಹರೆಯದಲ್ಲಿ ತಾನೇ ಕೊರೆದವಳು. ದೀಪದ ಮುಂದೆ ಹಿಡಿದರೆ ಅವಳ ಕೆನ್ನೆ ಮಾಗಿದ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಅವಳು ಅತ್ತಾಗ ಊರು ಅಳುತ್ತಿತ್ತು.

ಈಗ ಅವಳ ಮಣಿಕಟ್ಟು ಸೀಳಿತ್ತು. ಸೆರಗಿನ ಬಣ್ಣ ಮಾಸಿತ್ತು. ಸೊಂಟದ ದಾರ ಎಷ್ಟು ಸಲ ಹೊಲಿದರೂ ಹರಿಯುತ್ತಿತ್ತು. ಅವಳನ್ನು ಆಡಿಸುವ ಗುರುವಿನ ಕೈಯೂ ನಡುಗುತ್ತಿತ್ತು.

ಒಂದು ಬೆಳಿಗ್ಗೆ ಗುರು ಅವಳ ಹಣೆಗೆ ಕುಂಕುಮವಿಟ್ಟು, ಬಿಳಿ ಬಟ್ಟೆಯಲ್ಲಿ ಸುತ್ತಿ, ಯಂಕೋಬನ ಕೈಯಲ್ಲಿಟ್ಟ.

"ಕರಕೊಂಡು ಹೋಗು. ಬಿಟ್ಟು ಬಾ. ನಾನು ತೊಗಲು ನೆನಿ ಹಾಕ್ತೀನಿ. ನಿನ್ನಾಕಿ ಈ ಸುಗ್ಗಿಗೆ ಹುಟ್ಲಿ."

ಯಂಕೋಬ ಜೀವಮಾನವಿಡೀ ಕಾದಿದ್ದು ಇದೇ ಮಾತಿಗೆ. ಅವನ ಕಣ್ಣು ತುಂಬಿದವು.

ಆದರೆ ಹೊಳೆಯ ದಾರಿಯಲ್ಲಿ ಅವನು ಬಟ್ಟೆ ಬಿಚ್ಚಿ ಒಮ್ಮೆ ಅವಳ ಮುಖ ನೋಡಿದ. ಅದೇ ತಪ್ಪಾಯಿತು.

ಕೆಲವು ದಿನಗಳ ಹಿಂದೆ ರಾಜಧಾನಿಯ ದೊಡ್ಡ ವಸ್ತುಸಂಗ್ರಹಾಲಯದವರು ಜೀಪಿನಲ್ಲಿ ಆ ಸೀಮೆಗೆ ಬಂದಿದ್ದರು. ಹಳೆಯ ಗೊಂಬೆ ಇದ್ದರೆ ಹೇಳಿ ಎಂದು ಊರೂರು ಕೇಳಿಕೊಂಡು ಹೋಗಿದ್ದರು. ನೀರಿಗೆ ಹಾಕುವುದಾದರೆ ನಮಗೆ ಕೊಡಿ, ಕಣ್ಣಲ್ಲಿ ಕಣ್ಣಿಟ್ಟು ಕಾಪಾಡುತ್ತೇವೆ ಎಂದಿದ್ದರು. ಅವರು ಇನ್ನೂ ಪಟ್ಟಣದ ಪ್ರವಾಸಿ ಮಂದಿರದಲ್ಲೇ ಇದ್ದಾರೆ ಎಂದು ಯಂಕೋಬನಿಗೆ ಗೊತ್ತಿತ್ತು.

ಅವನು ಹೊಳೆಯ ದಾರಿ ಬಿಟ್ಟು ಪಟ್ಟಣದ ದಾರಿ ಹಿಡಿದ. ಒಂದು ಪೈಸೆ ಕೇಳಲಿಲ್ಲ. ಅದನ್ನು ಮಾತ್ರ ಅವನ ಪರವಾಗಿ ಹೇಳಬೇಕು.

ಸಂಜೆ ಮರಳಿ ಬಂದಾಗ ಗುರು ಬಾಗಿಲಲ್ಲೇ ಕೂತಿದ್ದ.

"ಬಿಟ್ಟು ಬಂದ್ಯಾ?"

"ಬಿಟ್ಟೆ ತಾತ."

"ಹೆಂಗ ಹೋದಳು?"

"ಕಲ್ಲು ಹಾಕಿದಂಗ. ಬಿಟ್ಟ ಕೂಡಲೇ ಮುಳುಗಿದಳು."

ಗುರು ಅವನ ಮುಖ ನೋಡಲಿಲ್ಲ. ಕಾಲು ನೋಡಿದ. ಹೊಳೆಯ ದಂಡೆಯಲ್ಲಿ ನಡೆದವನ ಕಾಲಿನಲ್ಲಿ ಕೆಸರಿರುತ್ತದೆ, ಮುಳ್ಳಿರುತ್ತದೆ. ಈ ಕಾಲಿನಲ್ಲಿ ರಸ್ತೆಯ ಕೆಂಪು ಧೂಳಿತ್ತು. ಒಣಗಿದ ತೊಗಲು ತೇಲುತ್ತದೆ ಎಂಬುದು ಬಿಟ್ಟವರಿಗೆ ಮಾತ್ರ ಗೊತ್ತು.

"ಕೈಕಾಲು ತೊಳಕೊಂಡು ಉಣ್ಣು" ಎಂದ ಗುರು.

ಮರುದಿನ ಯಂಕೋಬ ಉಳಿಗಳನ್ನು ಮಸೆದು ಇಟ್ಟುಕೊಂಡ. ಆಡಿನ ತೊಗಲು ಬಾನಿಯಲ್ಲಿ ನೆನೆಯುತ್ತಿತ್ತು.

"ತೊಗಲು ಹದಕ್ಕ ಬಂದೈತಿ ತಾತ. ತೆಗೀಲೇನ್ರಿ?"

"ಹಳೇಕಿ ಹೋಗ್ಲಿ."

"ಹೋಗ್ಯಾಳಲ್ಲ."

"ಹೌದೇನು?" ಎಂದು ಗುರು ಎಲೆಯಡಿಕೆ ಹಾಕಿಕೊಂಡ.

ಮತ್ತೆ ಕೆಲವು ದಿನ ಬಿಟ್ಟು ಕೇಳಿದ. ಅದೇ ಉತ್ತರ. ತೊಗಲು ಹದ ಮೀರಿತು. ಆಮೇಲೆ ಕೊಳೆಯತೊಡಗಿತು. ಗುಡಿಸಲಿನಲ್ಲಿ ಮೂಗು ಬಿಡಲಾಗದಂಥ ನಾತ. ನೊಣ ಮುತ್ತಿದವು. ಹಾದುಹೋಗುವವರು ಮೂಗಿಗೆ ಸೆರಗು ಹಿಡಿದುಕೊಂಡು ಓಡಿದರು.

ಗುರು ಬಾನಿಯ ಪಕ್ಕದಲ್ಲೇ ಕೂತು ಮುದ್ದೆ ಮುರಿದು ಉಂಡ. ಎರಡನೆಯ ಸಲವೂ ಬಡಿಸಿಕೊಂಡ.

ಯಂಕೋಬನಿಗೆ ತುತ್ತು ಇಳಿಯಲಿಲ್ಲ. "ತಾತ, ಇದನ್ನ ಹೊರಗ ಒಗೀರಿ. ಕೈಮುಗೀತೀನಿ."

"ಯಾಕ? ಸತ್ತದ್ದನ್ನ ಇಟಗೊಂಡ್ರ ನಾತ ಬರತೈತಿ ಅಂತ ಗೊತ್ತಾತೇನು?"

ಯಂಕೋಬ ತಟ್ಟೆ ಕೆಳಗಿಟ್ಟ. ಎಲ್ಲ ಹೇಳಿದ.

ಗುರು ಕೊನೆಗೆ ಕೇಳಿದ. "ಯಾಕ ಕೊಟ್ಟಿ?"

"ಎಷ್ಟು ಚೆಂದ ಅದಾಳ ತಾತ ಆಕಿ. ನಿಮ್ಮ ಕೈದು. ಮೀನು ಕಚ್ಚಿ ತಿನ್ಲಿ ಅಂತ ಹೆಂಗ ಬಿಡ್ಲಿ? ಅಲ್ಲಿ ದೇಶ ದೇಶದ ಮಂದಿ ಬಂದು ನೋಡ್ತಾರ. ಮನಸ್ಸು ಬರಲಿಲ್ರಿ."

"ನನಗ ಬಂದಿತ್ತು ಅಂದ್ಕೊಂಡ್ಯಾ?" ಎಂದ ಗುರು. "ನನ್ನ ಗುರುವಿನಾಕೀನ್ನ ಬಿಟ್ಟಾಗ ಹೊಳಿ ತಿರುವಿನ ತನಕ ಅತಗೊಂತ ಓಡಿದ್ದೆ. ಮುಳುಗಬ್ಯಾಡ ಅಂತ ಬೇಡಕೊಂಡಿದ್ದೆ. ಹಂಗ ಓಡಿದವನ ಕೈಗೇ ಲೇ ಹೊಸ ಸೀತಿ ಬರೋದು."

ಅವನು ಎದ್ದು, ಬಾನಿಯನ್ನು ತಾನೇ ಎತ್ತಿಕೊಂಡು ಹೋಗಿ ಹೊರಗೆ ಸುರಿದು ಬಂದ.

"ನಡಿ. ಆಕೀನ್ನ ನೋಡೋಣು."

ಇಬ್ಬರೂ ರೈಲು ಹತ್ತಿದರು.

ವಸ್ತುಸಂಗ್ರಹಾಲಯ ಅರಮನೆಯಷ್ಟು ದೊಡ್ಡದಿತ್ತು. ಮೆಟ್ಟಿಲ ಬಳಿ ಗುರು ಚಪ್ಪಲಿ ಬಿಟ್ಟ. ಕಾವಲುಗಾರ, "ಹಾಕ್ಕೊಳ್ಳಿ ಯಜಮಾನ್ರೇ, ಇದು ಗುಡಿಯಲ್ಲ" ಎಂದ. ಗುರು ಹಾಕಿಕೊಂಡ.

ಮೊದಲ ಹಜಾರದಲ್ಲಿ ತಿಮಿಂಗಿಲದ ಎಲುಬುಗೂಡು ಸರಪಳಿಗಳಿಂದ ತೂಗುತ್ತಿತ್ತು. ಗುರು ಬಾಯಿ ತೆರೆದು ನಿಂತ.

"ಇದೇನಲೇ?"

"ಸಮುದ್ರದ್ದು ತಾತ. ಇದಕ್ಕಿಂತ ದೊಡ್ಡ ಜೀವ ಭೂಮಿ ಮ್ಯಾಲ ಇಲ್ಲಂತ."

"ಇದನ್ನ ಮಾಡಿದವಂಗ ಎಷ್ಟು ಸೊಕ್ಕು ಇರಬೇಕು!" ಎಂದು ಗುರು ನಕ್ಕ. ನಿಜವಾಗಿ ಸಂತೋಷಪಟ್ಟೇ ನಕ್ಕ. ಒಂದು ಪಕ್ಕೆಲುಬಿನಿಂದ ಇನ್ನೊಂದಕ್ಕೆ ಹೋಗುತ್ತಾ, ಕುತ್ತಿಗೆ ನೋಯುವವರೆಗೆ ನೋಡಿದ. ಯಂಕೋಬನಿಗೆ ಧೈರ್ಯ ಬಂತು.

ಮುಂದಿನ ಹಜಾರದಲ್ಲಿ ಗಾಜಿನ ಹಿಂದೆ ಕಾಡಿತ್ತು. ಕಾಗದದ ಎಲೆ, ಸುಣ್ಣದ ಬಂಡೆ. ಬಂಡೆಯ ಮೇಲೆ ಹುಲಿ. ಹುಲಿಯ ಮೂಗಿನ ಕೆಳಗೇ ಒಂದು ಜಿಂಕೆ.

"ಜಿಂಕಿ ಯಾಕ ಓಡವಲ್ದು?"

"ಸತ್ತೈತ್ರಿ. ತೊಗಲು ಬಿಚ್ಚಿ ಒಳಗ ಹುಲ್ಲು ತುಂಬ್ಯಾರ."

"ಹುಲಿಗೆ?"

"ಹುಲಿಗೂ."

"ಹಂಗಾದ್ರ ಇಬ್ಬರೂ ಪಾರಾದ್ರು" ಎಂದು ಗುರು ಮುಂದೆ ನಡೆದ.

ಬಣ್ಣದ ಚಿತ್ರಗಳ ಹಜಾರ ದಾಟಿದರು. ರಾಜರು, ರಾಣಿಯರು, ಕುದುರೆಗಳು, ಚಿನ್ನದ ಚೌಕಟ್ಟುಗಳು. ಆಮೇಲೆ ಕಲ್ಲಿನ ದೇವರುಗಳ ಹಜಾರ. ಅಲ್ಲಿ ಒಬ್ಬ ದೇವಿಗೆ ಮೂಗಿರಲಿಲ್ಲ. ಗುರು ಕೈಮುಗಿದು ಸುತ್ತ ನೋಡಿದ.

"ಈಕಿಗೆ ದೀಪ ಎಲ್ಲಿ?"

"ಇಲ್ಲಿ ಪೂಜಿ ಇಲ್ರಿ ತಾತ. ಇಲ್ಲಿ ಈಕಿ ಶಿಲ್ಪ."

"ದೇವಿ ಕೆಲಸದಿಂದ ಬಿಡಿಸ್ಯಾರ ಅನ್ನು."

ಯಂಕೋಬ ಹೇಳಿ ಕಳಿಸಿದ್ದರಿಂದ ಅಧಿಕಾರಿ ಕುಮುದಿನಿ ಮೇಡಂ ತಾನೇ ಬಂದಳು. ಜೀಪಿನಲ್ಲಿ ಊರಿಗೆ ಬಂದಿದ್ದವಳು ಅವಳೇ. ಒಳ್ಳೆಯ ಹೆಂಗಸು. ಬಂದವಳೇ ಗುರುವಿನ ಪಾದ ಮುಟ್ಟಿದಳು. ಕುರ್ಚಿ ಹಾಕಿಸಿ ಚಹಾ ತರಿಸಿದಳು.

"ನೀವೇ ಬಂದದ್ದು ನಮ್ಮ ಭಾಗ್ಯ. ಹೊರಗೆ ಇಟ್ಟಿರೋದು ಒಂದು ಹಿಡಿ ಅಷ್ಟೇ. ಉಳಿದದ್ದೆಲ್ಲ ಕೆಳಗಿದೆ. ಬನ್ನಿ ತೋರಿಸ್ತೀನಿ."

ನೆಲಮಾಳಿಗೆಯಲ್ಲಿ ಕಬ್ಬಿಣದ ಕಪಾಟುಗಳು ಬೀದಿಗಳ ಹಾಗೆ ಸಾಲುಸಾಲಾಗಿ ನಿಂತಿದ್ದವು. ಅವಳು ಒಂದು ಖಾನೆ ಎಳೆದಳು. ಅದರ ತುಂಬ ಹಕ್ಕಿಗಳು ಅಂಗಾತ ಮಲಗಿದ್ದವು. ಕಣ್ಣಿದ್ದಲ್ಲಿ ಹತ್ತಿ, ಕಾಲಿಗೊಂದು ಚೀಟಿ.

"ಎಲ್ಲಾ ಒಂದೇ ಜಾತಿ ಹಕ್ಕಿ. ಇಷ್ಟ್ಯಾಕ್ರಿ ತಾಯಿ?"

"ಒಂದಕ್ಕೂ ಇನ್ನೊಂದಕ್ಕೂ ಸಣ್ಣ ಸಣ್ಣ ವ್ಯತ್ಯಾಸ ಇರುತ್ತೆ ಅಜ್ಜ. ಎಲ್ಲ ಜೋಡಿಸಿ ನೋಡಿದರೇನೇ ತಿಳಿಯೋದು. ಈ ಹಕ್ಕಿ ಈಗ ಎಲ್ಲೂ ಇಲ್ಲ. ಇಲ್ಲಿ ಮಾತ್ರ ಉಳಿದಿದೆ."

"ಉಳದೈತಿ" ಎಂದ ಗುರು.

ಅವಳು ಅವನ ಮುಖ ನೋಡಿ, ಮೆಲ್ಲಗೆ ಖಾನೆ ಮುಚ್ಚಿದಳು.

ಸೀತೆ ಮೇಲಿನ ಮಹಡಿಯಲ್ಲಿದ್ದಳು.

ಆ ಕೋಣೆ ಕತ್ತಲಾಗಿತ್ತು. ಗುರು ಬಾಗಿಲಲ್ಲೇ ತಡವರಿಸಿದ. ಯಂಕೋಬ ಕೈಹಿಡಿದು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದ.

ಒಳಗೆ ಅವಳು ಬಿಳಿಯ ಹಲಗೆಯ ಮೇಲೆ ಚಪ್ಪಟೆಯಾಗಿ ಅಂಟಿದ್ದಳು. ಮಣಿಕಟ್ಟಿನ ಸೀಳನ್ನು ಕಾಣದ ಹಾಗೆ ಕೂಡಿಸಿದ್ದರು. ಸೆರಗಿನ ಕೊಳೆ ತೆಗೆದಿದ್ದರು. ಹಣೆಯ ಕುಂಕುಮವನ್ನೂ ಒರೆಸಿದ್ದರು. ಪಕ್ಕದಲ್ಲಿ ಬೇರೆ ಯಾವುದೋ ಮೇಳದ ರಾವಣ, ಮೊಣಕೈ ತಾಗುವಷ್ಟು ಹತ್ತಿರ.

ಗೊಂಬೆಯಾಟದವರು ರಾವಣನನ್ನು ಸೀತೆಯ ಪೆಟ್ಟಿಗೆಯಲ್ಲಿ ಇಡುವುದಿಲ್ಲ. ಮಳೆಯಲ್ಲಿ ಗುಡಿಸಲು ಸೋರಿದಾಗಲೂ ಇಡುವುದಿಲ್ಲ. ಇದು ಯಂಕೋಬನಿಗೆ ಅಲ್ಲಿ ನಿಂತಾಗ ನೆನಪಾಯಿತು.

"ಇಷ್ಟು ಕತ್ತಲು ಯಾಕ್ರಿ ತಾಯಿ?" ಗುರು ಕೇಳಿದ.

"ಬೆಳಕು ಬಿದ್ದರೆ ಬಣ್ಣ ಹೋಗುತ್ತೆ ಅಜ್ಜ. ತೊಗಲಿಗೆ ಬೆಳಕೇ ಶತ್ರು."

ಗುರು ಅವಳತ್ತ ನೋಡಿದ. ಬೈಯಲಿಲ್ಲ. ಅವಳು ಹೇಳಿದ್ದು ಅವಳ ಲೆಕ್ಕದಲ್ಲಿ ನಿಜವೇ.

"ಹುಳ ಹಿಡಿಯೋದಿಲ್ಲೇನು?"

"ಔಷಧ ಹಾಕಿದ್ದೀವಿ. ಹುಳ ಮುಟ್ಟೋದಿಲ್ಲ. ನಾನು ನೀವು ಹೋದಮೇಲೂ ಇವಳು ಇರ್ತಾಳೆ. ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ನೋಡಬಹುದು."

"ಸಾಯೋದೇ ಇಲ್ಲ."

"ಸಾಯೋದೇ ಇಲ್ಲ" ಎಂದು ಅವಳು ಸಂತೋಷದಿಂದ ಹೇಳಿದಳು.

ಗಾಜಿನ ಕೆಳಗೆ ಒಂದು ಫಲಕವಿತ್ತು. ಗುರುವಿಗೆ ಓದು ಬರುತ್ತಿರಲಿಲ್ಲ.

"ಏನು ಬರದಾರ ಓದಲೇ."

ಯಂಕೋಬ ಓದಿದ. "ತೊಗಲುಗೊಂಬೆ. ಸ್ತ್ರೀ ಪಾತ್ರ. ಜಿಂಕೆಯ ಚರ್ಮ, ಸಸ್ಯಮೂಲದ ಬಣ್ಣ."

"ಇನ್ನೊಂದು ಸಾಲು ಐತಲ್ಲ."

ಯಂಕೋಬ ಫಲಕದಿಂದ ಮುಖ ತಿರುಗಿಸಿದ.

"ಓದು."

"ಕೊಡುಗೆ, ಯಂಕೋಬ."

ಗುರು ತಲೆಯಾಡಿಸಿದ. "ಸೀತಿ ಹೆಸರಿಲ್ಲ. ಕೊರದವನ ಹೆಸರೂ ಇಲ್ಲ. ನಿಂದ ಐತಿ. ಚೊಲೋ ಆತು ಬಿಡು."

ಮೇಡಂಗೆ ಅವಮಾನವಾಯಿತು. "ತಪ್ಪಾಗಿದೆ ಅಜ್ಜ. ಇವತ್ತೇ ಸರಿ ಮಾಡಿಸ್ತೀನಿ. ನಿಮ್ಮ ಹೆಸರು ದೊಡ್ಡದಾಗಿ ಹಾಕಿಸ್ತೀನಿ."

"ಹೆಸರು ಬ್ಯಾಡ್ರಿ. ನನ್ನ ಮಗಳನ್ನ ಕೊಡ್ರಿ."

"ಒಮ್ಮೆ ಸಂಗ್ರಹಕ್ಕೆ ಸೇರಿದ್ದನ್ನ ವಾಪಸ್ ಕೊಡೋ ಅಧಿಕಾರ ನನಗಿಲ್ಲ. ಅದು ಈಗ ನಾಡಿನ ಆಸ್ತಿ." ಅವಳು ಸ್ವಲ್ಪ ತಡೆದು, ನೊಂದವಳಂತೆ ಹೇಳಿದಳು. "ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡಿ. ಹೊಳೆಗೆ ಬಿಟ್ಟಿದ್ದರೆ ನಿಮ್ಮ ಕೈಕೆಲಸ ಯಾರಿಗೆ ತಿಳೀತಿತ್ತು?"

"ಇವನ ಕೈಗೆ ತಿಳದೈತಿ."

"ಇವರಾದ ಮೇಲೆ?"

"ಇವನ ಶಿಷ್ಯಂಗ."

"ಅವನಾದ ಮೇಲೆ ಯಾರೂ ಬರದೇ ಹೋದರೆ?"

ಗುರು ಒಪ್ಪಿಕೊಂಡ. "ಅದು ನನಗೂ ಹೆದರಿಕಿ ಐತಿ ತಾಯಿ. ಆದ್ರ ಹೊಸಾಕಿ ಹುಟ್ಟೋ ಬಾಗಿಲಿಗೆ ಹಳೇಕೀನ್ನ ಅಡ್ಡ ನಿಲ್ಲಿಸಿ, ಮುಂದ ಯಾರೂ ಹುಟ್ಟಲಿಲ್ಲ ಅಂದ್ರ ಹೆಂಗ್ರಿ?"

ಅವಳಿಗೆ ಅರ್ಥವಾಗಲಿಲ್ಲ. ಯಂಕೋಬನಿಗೆ ಆಯಿತು. ಅವನು ಗೋಡೆಗೆ ಒರಗಿ ನಿಂತ.

ಹೊರಡುವಾಗ ಗುರು ಗಾಜಿಗೆ ಹಣೆ ತಾಗಿಸಿ ಏನೋ ಹೇಳಿದ. ಕಾವಲುಗಾರ ಬಂದು, ಗಾಜು ಮುಟ್ಟಬಾರದು ಎಂದು ಮೆತ್ತಗೆ ಹೇಳಿದ. ಗುರು ಹೆಗಲ ಮೇಲಿನ ಟವೆಲಿನಿಂದ ಗಾಜು ಒರೆಸಿದ.

ರೈಲಿನಲ್ಲಿ ಯಂಕೋಬ ಒಂದು ದಾರಿ ಹುಡುಕಿದ.

"ತಾತ, ದೂರದ ಊರಾಗ ಸತ್ತವರಿಗೆ ಹೆಣ ಇಲ್ಲದಿದ್ರೂ ಕರ್ಮ ಮಾಡ್ತಾರಲ್ಲ. ದರ್ಭಿ ಗೊಂಬಿ ಮಾಡಿ ಸುಡ್ತಾರ. ಹಂಗ ನಾವೂ ಮಾಡಬಹುದಲ್ರಿ?"

"ಅದು ಸತ್ತವರಿಗೆ. ಆಕಿ ಸತ್ತಾಳೇನು?"

"ಇಲ್ಲ."

"ಬದುಕ್ಯಾಳೇನು?"

ಯಂಕೋಬ ಕಿಟಕಿಯತ್ತ ತಿರುಗಿದ.

ಊರಿಗೆ ಬಂದಮೇಲೂ ಅವನು ಬಿಡಲಿಲ್ಲ. ತಪ್ಪು ಮಾಡಿದವನಿಗೆ ಹಟ ಹೆಚ್ಚು. "ನಾನು ಕೊರೀತೀನಿ ತಾತ. ಪದ್ಧತಿ ನಾವು ಮಾಡಿದ್ದು. ನಾವೇ ಮುರದ್ರ ಯಾರು ಕೇಳ್ತಾರ?"

"ಯಾರೂ ಕೇಳೋದಿಲ್ಲ. ಕೊರಿ."

ಯಂಕೋಬ ಬೇರೆ ಆಡಿನ ತೊಗಲು ತಂದ. ಹದ ಮಾಡಿದ, ಕೂದಲು ಹೆರೆದ, ಬಿಗಿದು ಒಣಗಿಸಿದ. ಸೀತೆಯನ್ನು ಬರೆದ. ಹಗಲೆಲ್ಲ ಕೂತು ಉಳಿಯಿಂದ ಸೀರೆಯ ಹೂವು ಕೊರೆದ, ಬಳೆ ಕೊರೆದ, ಮುಂಗುರುಳು ಕೊರೆದ. ಗುರು ದೂರದಲ್ಲಿ ಕೂತು ನೋಡುತ್ತಿದ್ದ. ಒಂದೆರಡು ಕಡೆ ಬೈದ. ಒಂದು ಕಡೆ, ಮೂಗುತಿಯ ಹತ್ತಿರ, ತನಗೇ ತಿಳಿಯದೆ "ಆಹಾ" ಎಂದ.

ಆ ಒಂದು ಆಹಾಕ್ಕೆ ಯಂಕೋಬನ ಎದೆ ತುಂಬಿ ಬಂತು. ಅವನು ಮಾಡಿದ ಕೆಲಸ ನಿಜಕ್ಕೂ ಚೆನ್ನಾಗಿತ್ತು. ಹಳೆಯವಳಿಗಿಂತ ಒಂದು ಕೈ ಮೇಲು ಎಂದರೂ ತಪ್ಪಿಲ್ಲ.

ಬಣ್ಣ ಒಣಗಿತು. ಕಣ್ಣು ಮಾತ್ರ ಉಳಿಯಿತು. ಗುರು ದೀಪ ಹಚ್ಚಿ ಪರದೆಯ ಹಿಂದಿಟ್ಟ. ಎಲ್ಲಕ್ಕಿಂತ ಸಣ್ಣ ಉಳಿಯನ್ನು ತಾನೇ ಶಿಷ್ಯನ ಕೈಗೆ ಕೊಟ್ಟ.

"ತೆರಿ."

ಯಂಕೋಬ ಉಳಿಯ ಮೊನೆಯನ್ನು ಕಣ್ಣಿನ ಜಾಗಕ್ಕೆ ಇಟ್ಟ. ಕೊಡತಿ ಎತ್ತಿದ. ಕೆಳಗಿಳಿಸಿದ. ಮತ್ತೆ ಎತ್ತಿದ.

ಕತ್ತಲ ಕೋಣೆಯಲ್ಲಿ ರಾವಣನ ಪಕ್ಕದಲ್ಲಿ ಅಂಟಿಕೊಂಡವಳು ಅವನಿಗೆ ಕಂಡಳು.

"ಕೈ ಏಳವಲ್ದು ತಾತ."

"ಯಾಕ?"

"ಆಕಿ ಇನ್ನೂ ಅದಾಳ."

ಗುರು ಉಳಿ ಇಸಿದುಕೊಂಡು ಎತ್ತಿಟ್ಟ. ಇಷ್ಟು ವರ್ಷದಲ್ಲಿ ಯಂಕೋಬ ಕಲಿತ ಅತಿ ದೊಡ್ಡ ಪಾಠ ಅದು. ಕಲಿತದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಸುಗ್ಗಿ ಮುಗಿದು ಊರವರು ಆಟಕ್ಕೆ ಕರೆದರು. ಗುರು ಒಲ್ಲೆ ಎನ್ನಲಿಲ್ಲ.

ಪರದೆ ಕಟ್ಟಿದರು. ರಾಮ ಬಂದ, ಲಕ್ಷ್ಮಣ ಬಂದ, ಶೂರ್ಪನಖಿ ಬಂದು ನಗಿಸಿ ಹೋದಳು. ಸೀತೆ ಬರುವಲ್ಲಿ ಗುರು ಯಾವ ಗೊಂಬೆಯನ್ನೂ ಹಿಡಿಯಲಿಲ್ಲ. ಪರದೆ ಖಾಲಿ. ಹಿಂದಿನಿಂದ ದೀಪ ಉರಿಯುತ್ತಿತ್ತು. ಆ ಖಾಲಿ ಬೆಳಕಿನ ಹಿಂದೆ ನಿಂತು ಮುದುಕ ಸೀತೆಯ ಮಾತು ಆಡಿದ, ಸೀತೆಯ ಹಾಡು ಹೇಳಿದ. ರಾವಣ ಬಂದು ಖಾಲಿ ಬೆಳಕನ್ನು ಎತ್ತಿಕೊಂಡು ಹೋದ.

ರಾವಣನನ್ನು ಆಡಿಸಿದವನು ಯಂಕೋಬ. ಆಡಿಸುತ್ತಲೇ ಅತ್ತ. ಪರದೆಯ ಆಚೆ ಇದ್ದವರಿಗೆ ಅದು ಕಾಣಲಿಲ್ಲ.

ಆಟ ಮುಗಿದ ಮೇಲೆ ಊರ ಗೌಡ ಬಂದು ಗುರುವಿನ ಬೆನ್ನು ತಟ್ಟಿದ. "ಸೀತಿನ್ನ ತೋರಸದ ಆಡಿದಿಯಲ್ಲೋ ತಾತ! ಹೊಸ ನಮೂನಿ. ಭಾರೀ ಚೊಲೋ ಆತು. ಬರೋ ವರ್ಷಾನೂ ಹಿಂಗ ಆಡು."

ಗುರು ಕೈಮುಗಿದ.

ಮರುದಿನ ಕೆಳಗಿನ ಹೊಳೆಸಾಲಿನಿಂದ ದುರುಗಪ್ಪ ಎಂಬ ಇನ್ನೊಂದು ಮೇಳದವನು ಎತ್ತಿನ ಗಾಡಿ ಹೊಡೆದುಕೊಂಡು ಬಂದ. ಗುರು ಅವನಿಗೆ ಹೇಳಿ ಕಳಿಸಿದ್ದ. ಯಂಕೋಬ ನೋಡುತ್ತಿದ್ದಂತೆ ಪೆಟ್ಟಿಗೆ ಗಾಡಿಗೆ ಏರಿತು. ದೀಪ ಏರಿತು. ಪರದೆಯನ್ನು ಗುರು ತಾನೇ ಮಡಿಚಿ ಕೊಟ್ಟ.

"ನಿಮ್ಮಲ್ಲಿ ಸೀತಿ ಅದಾಳಲ್ಲ?" ಎಂದು ಕೇಳಿದ.

"ಅದಾಳ ತಾತ. ನಮ್ಮ ಅಪ್ಪ ಹೋದ ವರ್ಷ ತನ್ನಾಕೀನ್ನ ಬಿಟ್ಟ. ನಾನು ಕೊರದೀನಿ. ನಿಮ್ಮಷ್ಟು ಚೆಂದ ಇಲ್ಲ."

"ಚೆಂದ ಇರದಿದ್ರ ಚೊಲೋನೇ" ಎಂದ ಗುರು. "ಇವರನ್ನ ಆಡಸು. ಸವದಾಗ ಬಿಡು."

ಗಾಡಿ ಹೋಯಿತು. ಗುಡಿಸಲಿನಲ್ಲಿ ಕಣ್ಣಿಲ್ಲದ ಸೀತೆ ಗೋಡೆಗೆ ಆನಿಸಿ ನಿಂತಿದ್ದಳು. ಅವಳನ್ನು ದುರುಗಪ್ಪ ಮುಟ್ಟಲಿಲ್ಲ. ಹುಟ್ಟದವಳನ್ನು ಯಾವ ಮೇಳವೂ ಒಯ್ಯುವುದಿಲ್ಲ.

ಗುರು ಹೊಳೆಯ ದಂಡೆಗೆ ಹೋಗಿ ಕೂತ. ಯಂಕೋಬ ಹಿಂದೆಯೇ ಹೋದ. ಕಾಲ ಬಳಿ ಕೂತ.

"ಎಲ್ಲಾ ಕೊಟ್ಟುಬಿಟ್ರಿ ತಾತ. ನನಗ?"

"ನಿನಗ ಕಲಿಸಬೇಕಾದ್ದು ಕಲಿಸೀನಿ."

"ಆಡಸೋಕೆ ಏನೂ ಉಳೀಲಿಲ್ಲ."

"ನೋಡೋಕೆ ಉಳದೈತಲ್ಲ. ರೈಲು ಹತ್ತಿ ಹೋಗು."

ಯಂಕೋಬ ಗುರುವಿನ ಪಾದ ಹಿಡಿದುಕೊಂಡ. ಅವನಿಗೆ ಅಳು ತಡೆಯಲಿಲ್ಲ. ಅಳುವಿನ ನಡುವೆ ಸಿಟ್ಟೂ ಬಂತು.

"ನಾನು ಕದ್ನೇನು? ಮಾರಿದ್ನೇನು? ಬಿಡೋಕೆ ಮನಸ್ಸು ಬರಲಿಲ್ಲ, ಅಷ್ಟ. ಅಷ್ಟು ಚೆಂದ ಇದ್ದಳು. ಅದು ಇಷ್ಟು ದೊಡ್ಡ ತಪ್ಪೇನ್ರಿ ತಾತ?"

ಗುರು ನೀರನ್ನೇ ನೋಡುತ್ತಿದ್ದ. ಕೈಯನ್ನು ಶಿಷ್ಯನ ತಲೆಯ ಮೇಲಿಟ್ಟ. ಆ ಕೈಯಲ್ಲಿ ಪ್ರೀತಿಯಿತ್ತು. ಕ್ಷಮೆ ಇರಲಿಲ್ಲ.

"ನಾನು ಇನ್ನು ಭಾಳ ದಿನ ಇರಂಗಿಲ್ಲ ಯಂಕೋಬ" ಎಂದ. "ನನ್ನನ್ನಾದ್ರೂ ಹೋಗೋಕೆ ಬಿಡ್ತೀಯೋ, ಇಲ್ಲಾ ನಾನೂ ಚೆಂದ ಕಾಣ್ತೀನೋ?"